ಏಳು ಕಿಲೋಮೀಟರು ಸುತ್ತು

"ಇಲ್ನೋಡು ಮಂಚಣ್ಣ, ಇಲ್ಲಿ," ಎಂದು ಪುಟ್ಟಸ್ವಾಮಿ ಅಂಗೈಯಗಲದ ದುಂಡು ಕಾಗದವನ್ನು ಬೇಕರಿಯ ಕಿಟಕಿಯ ಬೆಳಕಿಗೆ ಹಿಡಿದ. "ಇಲ್ಲಿಗಂಟ ಸರಿಯಾಗೇ ಅದೆ. ಇಲ್ಲಿಂದಾಚೆಗೆ ದಿನಾ ಏಳು ಕಿಲೋಮೀಟ್ರು ಜಾಸ್ತಿ ಓಡ್ತಾ ಅದೆ. ಎಲ್ಲಿಗೋಗಿದ್ದೆ?"

ಮಂಚಯ್ಯ ಕಾಗದವನ್ನು ನೋಡಿದ. ಮಸಿಯಲ್ಲಿ ಕಾಲದ್ದಿದ ಇರುವೆ ಹರಿದಾಡಿದ ಹಾಗೆ ಅದರ ಸುತ್ತ ಸಣ್ಣ ಗೀರುಗಳಿದ್ದವು. ಅವನಿಗೆ ಅದರಲ್ಲಿ ತಲೆಬುಡ ತಿಳಿಯಲಿಲ್ಲ. ಆದರೂ ತಿಳಿದವನಂತೆ ತಲೆಯಾಡಿಸಿ, "ನಾಲೆ ಏರಿ ಮ್ಯಾಲೆ ಓದೆ ಸ್ವಾಮಣ್ಣ," ಎಂದ.

"ನಾಲೆ ಏರಿ ಮ್ಯಾಲೆ ಯಾಕೆ? ಕೆಂಚನಕೊಪ್ಪಲ ಮ್ಯಾಲೆ ಟಾರ್ ರೋಡೇ ಇಲ್ವಾ?"

"ಅಭ್ಯಾಸ ಆಗೋಗದೆ."

"ಒಂಬತ್ತು ವರ್ಸದಿಂದ ಮಣ್ಣು ರೋಡ್ನಲ್ಲಿ ಬನ್ನು ಕುಲುಕಾಡಿಸ್ಕೊಂಡು ಓಗೋದೂ ಒಂದು ಅಭ್ಯಾಸವಾ?"

ಒಲೆಯ ಮುಂದೆ ಬೆವರಿಳಿಸುತ್ತ ನಿಂತಿದ್ದ ಜವರಯ್ಯ ಬ್ರೆಡ್ಡಿನ ತಟ್ಟೆ ಎಳೆಯುವುದನ್ನು ನಿಲ್ಲಿಸಿ ಈ ಕಡೆ ಕಿವಿ ಕೊಟ್ಟ. ಪಾಂಡವಪುರದ ಆ ಬೇಕರಿಯಲ್ಲಿ ಯಾರ ಮಾತೂ ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಅದರ ಮೇಲೆ ಈಗ ಈ ಕಾಗದಗಳು ಬೇರೆ ಬಂದಿದ್ದವು.

ಪುಟ್ಟಸ್ವಾಮಿಯ ಅಪ್ಪ ಇರುವವರೆಗೆ ಇದಾವುದೂ ಇರಲಿಲ್ಲ. ಬೆಳಿಗ್ಗೆ ಬನ್ನು ಬ್ರೆಡ್ಡು ತುಂಬಿಕೊಂಡು ಮೆಟಾಡೋರು ಹೊರಡಬೇಕು, ಕೆ.ಆರ್. ಪೇಟೆ ದಾಟಿ ಹೊಸಹೊಳಲಿನವರೆಗೂ ಅಂಗಡಿಗಳಿಗೆ ಹಾಕಬೇಕು, ಬೇರೆ ದಾರಿಯಲ್ಲಿ ಸಿಂಧಘಟ್ಟದ ಅಂಗಡಿ ಮುಗಿಸಿಕೊಂಡು ಮಧ್ಯಾಹ್ನಕ್ಕೆ ಖಾಲಿ ಟ್ರೇ ತಂದು ಇಳಿಸಬೇಕು. ಮುದುಕ ಅಷ್ಟು ಬಿಟ್ಟು ಬೇರೇನೂ ಕೇಳಿದವನಲ್ಲ. ಅವನು ತೀರಿಕೊಂಡ ಮೇಲೆ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ತೊಂಬತ್ತೇಳರ ಸಂಕ್ರಾಂತಿಗೆ ಮುಂಚೆ ಅವನು ಮೈಸೂರಿನಿಂದ ಗಡಿಯಾರದಂಥ ಒಂದು ಡಬ್ಬಿ ತಂದು ಮೆಟಾಡೋರಿನ ಸ್ಟೇರಿಂಗಿನ ಪಕ್ಕ ಕೂರಿಸಿದ. ಬೆಳಿಗ್ಗೆ ಅದರೊಳಗೆ ಒಂದು ದುಂಡು ಕಾಗದ ಹಾಕಿ ಬೀಗ ಹಾಕುವನು, ಮಧ್ಯಾಹ್ನ ತೆಗೆಯುವನು. ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಲ್ಲಿ ಎಷ್ಟು ನಿಮಿಷ ನಿಂತಿತು, ಎಷ್ಟು ಕಿಲೋಮೀಟರು ಓಡಿತು, ಎಲ್ಲವನ್ನೂ ಒಳಗಿನ ಸೂಜಿ ಗೀಚಿ ಇಟ್ಟಿರುತ್ತಿತ್ತು. ನೋಡಿಯಾದ ಕಾಗದಗಳನ್ನು ಒಲೆಯ ಪಕ್ಕದ ಗೋಡೆಯ ಮೊಳೆಗೆ ಚುಚ್ಚುತ್ತಿದ್ದ. ನಾಲ್ಕು ದಿನಕ್ಕೆಲ್ಲ ಹಿಟ್ಟು ನಾದುವವರು ಕೂಡ ಅದನ್ನು ಓದುವುದು ಕಲಿತುಬಿಟ್ಟರು. "ಓ, ಇವತ್ತು ಮಂಚಣ್ಣ ಪ್ಯಾಟೆಲಿ ಆರು ನಿಮಿಸ ನಿಂತವ್ನೆ, ಒಂದ್ಕೆ ಓಗಿದ್ನೇನೋ," ಎಂದು ನಗುವರು. ಮಂಚಯ್ಯನಿಗೆ ಮೈಮೇಲಿನ ಪಂಚೆಯನ್ನು ಯಾರೋ ಎಳೆದ ಹಾಗಾಗುತ್ತಿತ್ತು.

"ನೋಡಣ್ಣ," ಎಂದು ಪುಟ್ಟಸ್ವಾಮಿ ದನಿ ತಗ್ಗಿಸಿದ. ಚಡ್ಡಿ ಹಾಕುವ ಕಾಲದಿಂದ ಬೇಕರಿಯಲ್ಲಿ ಮಂಚಯ್ಯನ ಹಿಂದೆ ಮುಂದೆ ಓಡಾಡಿ ಬೆಳೆದವನು ಅವನು, ಗದರಲು ನಾಲಗೆ ಏಳಲಿಲ್ಲ. "ಡೀಸಲು ನೀನು ಮಾರ್ಕೊಳೋನಲ್ಲ, ಗೊತ್ತು. ಆದ್ರೂ ದಾರಿ ಬುಟ್ಟು ಓಡ್ಸಿದ ಕಿಲೋಮೀಟ್ರಿಗೆ ಇಷ್ಟು ಅಂತ ಸಂಬಳದಲ್ಲಿ ಇಡ್ಕೊತೀನಿ ಅಂತ ಮೂರು ಗಾಡಿಯೋರ್ಗೂ ಏಳಿವ್ನಿ. ಕಿಲೋಮೀಟ್ರು ತೆರಿಗೆ ಅನ್ಕೊ. ನಿನ್ಗೊಂದು, ಅವ್ರಿಗೊಂದು ಮಾಡಕಾಯ್ತದಾ?"

"ಇಡ್ಕೊ," ಎಂದ ಮಂಚಯ್ಯ.

ಪುಟ್ಟಸ್ವಾಮಿ ತಬ್ಬಿಬ್ಬಾದ. ಜಗಳವಾಡುತ್ತಾನೆ, ಇಲ್ಲವೇ ನಾಳೆಯಿಂದ ಟಾರು ರಸ್ತೆಯಲ್ಲಿ ಹೋಗುತ್ತಾನೆ ಎಂದುಕೊಂಡಿದ್ದ. ಮಂಚಯ್ಯ ಎರಡನ್ನೂ ಮಾಡಲಿಲ್ಲ. ಮುಂದಿನ ತಿಂಗಳು ಕಡಿಮೆ ಬಂದ ಸಂಬಳವನ್ನು ಎಣಿಸದೆ ಜೇಬಿಗೆ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಮತ್ತೆ ನಾಲೆ ಏರಿ ಹತ್ತಿದ. ತೆರಿಗೆ ಕಟ್ಟಿಯಾದರೂ ಸುತ್ತಿಕೊಂಡು ಹೋಗುವವನ ಹೊಟ್ಟೆಯಲ್ಲಿ ಏನೋ ಇರಬೇಕೆಂದು ಇಡೀ ಬೇಕರಿ ತೀರ್ಮಾನ ಮಾಡಿತು.

ಹೊಟ್ಟೆಯಲ್ಲಿ ಇದ್ದದ್ದು ಇಷ್ಟು.

ಎಂಬತ್ತೆಂಟರಲ್ಲಿ ಮಂಚಯ್ಯ ಕಬ್ಬಿನ ಲಾರಿ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಕೆಂಚನಕೊಪ್ಪಲಿನ ಇಳಿಜಾರಿನಲ್ಲಿ, ಸೈಕಲ್ ಟೈರು ಉರುಳಿಸಿಕೊಂಡು ಬಂದ ಐದು ವರ್ಷದ ಮಗು ಲಾರಿಯ ಮುಂದೆ ಬಂತು. ಹೆಸರು ಅಪ್ಪು. ಮಂಚಯ್ಯ ಬ್ರೇಕು ಒತ್ತಿದ್ದ. ಬ್ರೇಕು ಹಿಡಿದೂ ಇತ್ತು. ಆದರೆ ಕಬ್ಬಿನ ಭಾರ ಲಾರಿಯನ್ನು ಇನ್ನೂ ನಾಲ್ಕು ಮಾರು ಮುಂದಕ್ಕೆ ತಳ್ಳಿತು. ಟೈರು ಮಾತ್ರ ತನ್ನ ಪಾಡಿಗೆ ಉರುಳಿ ಹೋಗಿ ಹೊಂಗೆ ಮರಕ್ಕೆ ತಾಗಿ ಬಿತ್ತು.

ಊರಿನವರು ಅವನನ್ನು ಹೊಡೆಯಲಿಲ್ಲ. ಮಾರಮ್ಮನ ಗುಡಿಯ ಮುಂದೆ ಕೂರಿಸಿ ನ್ಯಾಯ ಮಾಡಿದರು. ಮಗುವಿಗೆ ಅಪ್ಪ ಅಮ್ಮ ಇರಲಿಲ್ಲ, ಅಜ್ಜಿ ದೊಡ್ಡತಾಯಮ್ಮ ಒಬ್ಬಳೇ ಸಾಕುತ್ತಿದ್ದಳು. ಲಾರಿ ಸಾಹುಕಾರನ ಕಡೆಯವರು ದುಡ್ಡಿನ ಮಾತೆತ್ತಿದಾಗ ಅವಳು ಕೈಯೆತ್ತಿ ತಡೆದಳು.

"ದುಡ್ಡು ಈಸ್ಕೊಂಡು ನಾನು ಯಾರ್ಗೆ ಅಂಗಿ ವಲಿಸ್ಲಿ?" ಎಂದಳು. "ಇವ್ನ ಗಾಡಿ ಸದ್ದು ಇನ್ನು ನನ್ನ ಬಾಗ್ಲಲ್ಲಿ ಕೇಳಬಾರ್ದು. ನಾನು ಬದುಕಿರೋಗಂಟ ಕೇಳಬಾರ್ದು. ಅಷ್ಟೇಯ."

ಊರ ಯಜಮಾನ ಚಲುವಯ್ಯ ಅದಕ್ಕೆ ಇನ್ನೊಂದನ್ನು ಸೇರಿಸಿದ. ವಿಷಯ ಠಾಣೆಗೆ ಹೋಗಿಲ್ಲ, ಆದ್ದರಿಂದ ಮಾತು ಊರ ಗಡಿ ದಾಟಬಾರದು, ಹೆಂಡತಿ ಮಕ್ಕಳ ಮುಂದೂ ಬಾಯಿ ಬಿಡಬಾರದು ಎಂದ. ಮಂಚಯ್ಯ ಉರಿಯುವ ಕರ್ಪೂರ ಮುಟ್ಟಿ ಎರಡಕ್ಕೂ ಆಣೆ ಮಾಡಿದ. ಲಾರಿ ಬಿಟ್ಟ. ಮೂರು ತಿಂಗಳು ಮನೆಯಲ್ಲಿ ಗೋಡೆ ನೋಡಿಕೊಂಡು ಕೂತ. ಬೆನ್ನು ನೋವು ಎಂದು ಹೆಂಡತಿಗೆ ಹೇಳಿದ. ಆಮೇಲೆ ಬೇಕರಿಯ ಗಾಡಿ ಸಿಕ್ಕಿತು. ಆ ಗಾಡಿಯ ಲೈನು ಕೆಂಚನಕೊಪ್ಪಲಿನ ಮೇಲೆಯೇ ಹೋಗುತ್ತದೆಂದು ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಊರಿಗೆ ಮುಂಚೆ ಅರಳಿಕಟ್ಟೆಯ ಹತ್ತಿರ ರಸ್ತೆ ಕವಲಾಗುತ್ತಿತ್ತು. ಅವನು ಮೊದಲ ದಿನವೇ ಸ್ಟೇರಿಂಗನ್ನು ನಾಲೆಯ ಕಡೆಗೆ ಹೊರಳಿಸಿದ.

ಏರಿಯ ಮೇಲೆ ಅರ್ಧ ದಾರಿ ಹೋದರೆ ಒಂದು ತೂಬು. ಅಲ್ಲಿ ಎದುರಿನಿಂದ ಬರುವವರು ಕಾಣದಂಥ ತಿರುವು. ಎತ್ತಿನ ಗಾಡಿ ಬಂದರೂ ಬಂದೀತೆಂದು ಅವನು ದಿನವೂ ಅಲ್ಲಿ ಎರಡು ಸಲ ಹಾರನ್ನು ಹೊಡೆಯುತ್ತಿದ್ದ. ತಿರುವಿನಿಂದ ಕೆಳಗೆ ಗದ್ದೆಬಯಲು, ಬಯಲಿನಾಚೆ ಕೆಂಚನಕೊಪ್ಪಲಿನ ಹೆಂಚಿನ ಮನೆಗಳು, ರಸ್ತೆ ಬದಿಯ ಹೊಂಗೆ ಮರ ಕಾಣುತ್ತಿದ್ದವು. ಮರದ ಕೆಳಗೆ ಒಂದು ಬಿಳಿ ಚುಕ್ಕೆ ಇರುತ್ತಿತ್ತು. ದೊಡ್ಡತಾಯಮ್ಮನ ಸೀರೆ. ಬೆಳಿಗ್ಗೆ ಎಂಟೂವರೆಗೆ ಅವನು ಹೋಗುವ ಹೊತ್ತಿಗೆ ಸರಿಯಾಗಿ ಅವಳು ಅಲ್ಲಿ ನಿಂತಿರುತ್ತಿದ್ದಳು. ಆಣೆ ತಪ್ಪುತ್ತಾನೋ ಇಲ್ಲವೋ ಎಂದು ಮುದುಕಿ ಕಾವಲು ಕಾಯುತ್ತಿದ್ದಾಳೆ ಎಂದುಕೊಂಡು ಮಂಚಯ್ಯ ಆ ಕಡೆ ಎರಡನೆಯ ಸಲ ನೋಡದೆ ಗೇರು ಬದಲಿಸುತ್ತಿದ್ದ. ಒಂಬತ್ತು ವರ್ಷವೂ ಅವನಿಗೆ ಆ ಚುಕ್ಕೆಯನ್ನು ಕಂಡರೆ ಹೆದರಿಕೆ.

ಊರ ಬಾಯಿಗೆ ಮುಚ್ಚಳವಿಲ್ಲ. ಜವರಯ್ಯನ ಹೆಂಡತಿ ನಲ್ಲಿಯ ಹತ್ತಿರ ಸಿದ್ದಲಿಂಗಮ್ಮನಿಗೆ ಹೇಳಿದಳು. ಆ ಸಂಜೆ ಮಂಚಯ್ಯ ಮುದ್ದೆ ಮುರಿಯುತ್ತಿರುವಾಗ ಸಿದ್ದಲಿಂಗಮ್ಮ ಸಾರಿನ ಸೌಟನ್ನು ಕೆಳಗಿಟ್ಟು ಎದುರಿಗೆ ಕೂತಳು.

"ನಿನ್ನ ಕಾಗದವ ಗ್ವಾಡೆಗೆ ನೇತಾಕವ್ರಂತೆ."

"ಎಲ್ರದೂ ಆಕವ್ರೆ."

"ಎಲ್ರದೂ ನೆಟ್ಗದಂತೆ. ನಿಂದು ಮಾತ್ರ ಸೊಟ್ಗದಂತೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾಲೆ ಬಯ್ಲಲ್ಲಿ ಯಾರಿದ್ದಾರು?"

"ಯಾರವ್ರೆ? ಯಾರೂ ಇಲ್ಲ. ನಿನ್ಗೇನು ತಲೆ ಕೆಟ್ಟದಾ?"

"ಯಾರೂ ಇಲ್ದಿರೋ ಜಾಗಕ್ಕೆ ಸಂಬಳ ಕಳ್ಕೊಂಡು ಓಗ್ತಾರಾ? ಒಂಬತ್ತು ವರ್ಸದಿಂದ ಓಯ್ತಾವ್ನೆ ಅಂತ ನಿಮ್ಮ ಸಾವ್ಕಾರ್ನೇ ಅಂದನಂತೆ." ಅವಳ ದನಿ ಒಡೆಯಿತು. "ಆ ವರ್ಸ ಬೆನ್ನು ನೋವು ಅಂತ ಮನಿಕಂಡ್ಯಲ್ಲ, ರಾತ್ರಿಯೆಲ್ಲ ಬೆಚ್ಚಿ ಬೀಳ್ತಿದ್ಯಲ್ಲ. ನಾನು ಕೇಳ್ದೆ, ಕೇಳ್ದೆ. ಬೆನ್ನು ಅಂದೆ. ಬೆನ್ನಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದೋಯ್ತು. ಆವಾಗ್ಲಿಂದ್ಲೇ ಇರಬೇಕು ಅವ್ಳು."

ಮಂಚಯ್ಯ ಮುರಿದ ತುತ್ತನ್ನು ತಟ್ಟೆಗೇ ಇಟ್ಟ. ಹೇಳಿಬಿಡಬೇಕು ಎನ್ನಿಸಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು, ಎಣ್ಣೆ ತಿಕ್ಕಿದವಳು, ಅವಳಿಗಲ್ಲದೆ ಇನ್ಯಾರಿಗೆ? ಆದರೆ ಬಾಯಿ ತೆರೆಯುವ ಮುಂಚೆ ಕರ್ಪೂರದ ಬಿಸಿ ಬೆರಳಿಗೆ ತಾಗಿದ ಹಾಗಾಯಿತು. ಒಂದು ಮಗುವಿನ ಜೀವಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಎರಡೇ ಮಾತು. ಅದನ್ನೂ ಉಳಿಸಿಕೊಳ್ಳದಿದ್ದರೆ ತಾನು ಮನುಷ್ಯನೇ ಅಲ್ಲ ಎಂಬುದು ಅವನ ತಲೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

"ಮಾರಮ್ಮನ ಆಣೆಗೂ ಯಾವ ಎಂಗಸೂ ಇಲ್ಲ ಕಣೇ."

"ಅಂಗಾದ್ರೆ ಏನದೆ? ಅದ್ನ ಯೋಳು."

ಅವನು ತಟ್ಟೆಯಲ್ಲಿ ಕೈತೊಳೆದ. ಸಿದ್ದಲಿಂಗಮ್ಮ ಎದ್ದಳು. "ನಾಳೀಕೊಂದಿನ ನೋಡ್ತೀನಿ. ನಾಳಿದ್ದು ನಾಗಮಂಗಲಕ್ಕೆ ಮಗಳ ಮನೆಗೆ ಓಯ್ತೀನಿ. ನಿನ್ನ ಗಾಡಿ ನೆಟ್ಗೆ ಓಗೋಗಂಟ ನಾನು ಬರಕಿಲ್ಲ," ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಮೂಲೆಯಲ್ಲಿ ಆಗಲೇ ಚೀಲ ಇತ್ತು.

ಮಾರನೆಯ ಬೆಳಿಗ್ಗೆ ಮಂಚಯ್ಯ ಟ್ರೇಗಳನ್ನು ಜೋಡಿಸಿ ಹಿಂದಿನ ಬಾಗಿಲು ಮುಚ್ಚಿ ಬರುವಷ್ಟರಲ್ಲಿ ಪುಟ್ಟಸ್ವಾಮಿ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದ.

"ಇವತ್ತು ನಾನೂ ಬತ್ತೀನಿ ಬಾ ಅಣ್ಣ," ಎಂದ. "ಕೆಂಚನಕೊಪ್ಪಲಲ್ಲಿ ಮೂರು ಅಂಗಡಿ ಅವೆ. ನಮ್ಮ ಬನ್ನು ಕಂಡೇ ಇಲ್ವಂತೆ ಅವು. ಮಾತಾಡ್ಬೇಕು. ಈಗ್ಲೇ ಬ್ಯಾಡ, ವಾಪಸ್ ಬರೋವಾಗ ಬಸ್ಸಲ್ಲಿ ಬಂದು ಅಲ್ಲಿ ಇಳ್ಕೊತೀನಿ. ಈಗ ಊರು ಎಂಗದೆ ಅಂತ ಒಂದು ಕಣ್ಣು ಆಕ್ಬೇಕು." ರಸ್ತೆಯನ್ನು ನೋಡುತ್ತಲೇ ಹೇಳಿದ: "ಸಿದ್ದಲಿಂಗಕ್ಕ ನಿನ್ನೆ ನಮ್ಮನೆಗೆ ಬಂದು ಅತ್ತು ಓದ್ರು. ನನ್ಗೆ ಮನ್ಸಿಗೆ ಒಂತರಾ ಆಯ್ತು. ನಾನು ಗೋಡೆಗೆ ಚುಚ್ಚಬಾರ್ದಾಗಿತ್ತು. ನಿಂದೇನಿದ್ರೂ ನಿನ್ನದು, ನಾನು ಕೇಳಕಿಲ್ಲ. ಇವತ್ತೊಂದಿನ ನೆಟ್ಗೆ ಓಗು. ಕಾಗದ ತಗಂಡೋಗಿ ಅಕ್ಕನಿಗೆ ನಾನೇ ತೋರಿಸ್ತೀನಿ."

ಅವನು ಒಳ್ಳೆಯದಕ್ಕೇ ಹೇಳುತ್ತಿದ್ದ. ಅದು ಮಂಚಯ್ಯನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಕ್ಕಿಸಿತು. ಬೈದಿದ್ದರೆ ಬೀಗದ ಕೈ ಎಸೆದು ಇಳಿದು ಹೋಗಬಹುದಿತ್ತು.

ದಾರಿಯುದ್ದಕ್ಕೂ ಡಬ್ಬಿ ಟಿಕಟಿಕ ಅನ್ನುತ್ತಿತ್ತು. ಸೀಬೆಹಣ್ಣನ್ನು ಬುಟ್ಟಿಯಲ್ಲಿ ಹೊತ್ತ ಹೆಂಗಸರು, ಕಬ್ಬಿನ ಗಾಡಿಗಳು, ಶಾಲೆಗೆ ಹೊರಟ ಹುಡುಗಿಯರು ಹಿಂದೆ ಸರಿದರು. ಪುಟ್ಟಸ್ವಾಮಿ ಏನೇನೋ ಮಾತಾಡುತ್ತಿದ್ದ. ಮಂಚಯ್ಯ ಹೂಂಗುಟ್ಟುತ್ತಿದ್ದ. ಅರಳಿಕಟ್ಟೆ ಹತ್ತಿರವಾದ ಹಾಗೆ ಅವನು ಗಾಡಿಯ ವೇಗ ತಗ್ಗಿಸಿದ. ನಾಲೆಯ ಕಡೆ ತಿರುಗಿಸಿದರೆ ಪಕ್ಕದಲ್ಲಿ ಕೂತವನಿಗೆ ಕಾರಣ ಹೇಳಬೇಕು. ಹೇಳಿದರೆ ಆಣೆ ಮುರಿಯಿತು. ಹೇಳದಿದ್ದರೆ ನಾಳೆ ಮನೆಯಲ್ಲಿ ಸಿದ್ದಲಿಂಗಮ್ಮ ಇರುವುದಿಲ್ಲ. ನೇರ ಹೋದರೆ ಮುದುಕಿಯ ಬಾಗಿಲಲ್ಲಿ ಗಾಡಿಯ ಸದ್ದು.

ಸದ್ದು. ಅವನಿಗೆ ತಟ್ಟನೆ ಹೊಳೆಯಿತು. ಮುದುಕಿ ಕೇಳಿದ್ದು ಸದ್ದು ಬೀಳಬಾರದೆಂದು. ಅರಳಿಕಟ್ಟೆಯಿಂದಾಚೆ ಒಂದು ಫರ್ಲಾಂಗು ಏರು ಹತ್ತಿದರೆ, ಆಮೇಲೆ ಊರು ದಾಟುವವರೆಗೂ ಇಳಿಜಾರು. ಏರಿನ ತುದಿಯಲ್ಲಿ ಇಂಜಿನು ನಿಲ್ಲಿಸಿ ಗಾಡಿಯನ್ನು ಅದರ ಪಾಡಿಗೆ ಬಿಟ್ಟರೆ ಬೆಕ್ಕು ಹೋದ ಹಾಗೆ ಹೋಗುತ್ತದೆ. ಇಪ್ಪತ್ತೈದು ವರ್ಷ ಡೀಸೆಲ್ಲು ಉಳಿಸಿ ಅಭ್ಯಾಸವಾದ ಡ್ರೈವರನಿಗೆ ಮಾತ್ರ ಹೊಳೆಯುವ ಉಪಾಯ. ಆಣೆಯೂ ಉಳಿಯಿತು, ಹೆಂಡತಿಯೂ ಉಳಿದಳು. ತನಗೆ ಇಷ್ಟು ದಿನ ಇದು ಯಾಕೆ ತೋಚಲಿಲ್ಲವೆಂದು ಅವನಿಗೇ ಆಶ್ಚರ್ಯವಾಯಿತು.

ಅರಳಿಕಟ್ಟೆಯ ಹತ್ತಿರ ಅವನು ಸ್ಟೇರಿಂಗನ್ನು ಹೊರಳಿಸಲಿಲ್ಲ.

"ಅಂಗೆ ಬಾ ದಾರಿಗೆ," ಎಂದು ಪುಟ್ಟಸ್ವಾಮಿ ನಕ್ಕ.

ಏರಿನ ತುದಿ ಬಂತು. ಮಂಚಯ್ಯ ಗೇರು ತಪ್ಪಿಸಿ ಇಂಜಿನು ನಿಲ್ಲಿಸಿದ. ಗಾಡಿ ಒಮ್ಮೆ ನಡುಗಿ ಸುಮ್ಮನಾಯಿತು, ಮೆಲ್ಲಗೆ ಉರುಳತೊಡಗಿತು.

"ಯಾಕಣ್ಣ ಆಫ್ ಮಾಡ್ದೆ?"

"ಇಳಿಜಾರು. ಡೀಸಲು ಉಳೀತದೆ."

ಪುಟ್ಟಸ್ವಾಮಿಗೆ ಅದು ಬಹಳ ಹಿಡಿಸಿತು. ತೊಡೆ ತಟ್ಟಿಕೊಂಡು ಸೀಟಿಗೆ ಒರಗಿದ.

ಒಂಬತ್ತು ವರ್ಷದ ಹಿಂದೆ ನೋಡಿದ್ದ ಊರು. ಮೊದಲ ಮನೆ, ಬಾವಿ, ಮಾರಮ್ಮನ ಗುಡಿ. ಗುಡಿಗೆ ಸುಣ್ಣ ಬಳಿದಿದ್ದರು. ಅದರಾಚೆ ರಸ್ತೆಯ ತುಂಬ ಹುರುಳಿ ಹರಡಿತ್ತು. ಸುಗ್ಗಿಯಲ್ಲಿ ಹೋಗಿ ಬರುವ ಗಾಡಿಗಳ ಚಕ್ರದಿಂದಲೇ ಹುರುಳಿ ತುಳಿಸಿ ಕಾಳು ಬಿಡಿಸಿಕೊಳ್ಳುವುದು ಆ ಕಡೆಯ ಎಲ್ಲ ಊರುಗಳ ರೂಢಿ. ಗಾಡಿಯ ಓಟ ತಾನಾಗಿಯೇ ಕುಗ್ಗಿ ನಡಿಗೆಯಷ್ಟಾಯಿತು. ಒಣಗಿದ ಗಿಡಗಳು ಚಕ್ರದ ಕೆಳಗೆ ಸರಸರ ಎಂದವು. ಅದು ಬಿಟ್ಟರೆ ಡಬ್ಬಿಯ ಟಿಕಟಿಕ ಮಾತ್ರ. ಹುರುಳಿ ತಿರುವಿಹಾಕುತ್ತಿದ್ದ ಒಬ್ಬ ಹುಡುಗಿ, ಹೊಸದಾಗಿ ಆ ಊರಿಗೆ ಸೊಸೆಯಾಗಿ ಬಂದವಳಿರಬೇಕು, ಕೈಯಲ್ಲಿನ ಕವೆಗೋಲನ್ನು ಎತ್ತಿ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು.

ಮುದುಕಿಯ ಮನೆಯ ಮುಂದಿನ ಹೊಂಗೆ ಮರ ಬಂತು. ಅದರ ಬುಡದಲ್ಲಿ ಅರಿಸಿನ ಬಳಿದ ಮೊಳದುದ್ದದ ಕಲ್ಲು. ಕಲ್ಲಿನ ಸುತ್ತ ನೆಲ ದಿನವೂ ನೀರು ಕಂಡು ಹಸಿರಾಗಿತ್ತು. ಕಲ್ಲಿನ ಪಕ್ಕ ದೊಡ್ಡತಾಯಮ್ಮ ನಿಂತಿದ್ದಳು. ಬಯಲಿನಾಚೆಯಿಂದ ನೋಡುವಾಗ ಕಂಡಿದ್ದಕ್ಕಿಂತ ತೀರ ಸಣ್ಣವಳಾಗಿದ್ದಳು, ಬೆನ್ನು ಬಾಗಿತ್ತು. ಎರಡೂ ಕೈಯಲ್ಲಿ ತುಂಬಿದ ತಾಮ್ರದ ಚೊಂಬು. ಅವಳು ರಸ್ತೆಗೆ ಬೆನ್ನು ಹಾಕಿ ನಾಲೆಯ ಕಡೆಗೆ ಮುಖ ಮಾಡಿದ್ದಳು.

"ಇದ್ಯಾಕಜ್ಜಿ, ಇನ್ನೂ ನೀರು ಉಯ್ನಿಲ್ವಾ?" ಎಂದು ಹುಡುಗಿ ಕೂಗಿ ಕೇಳಿದಳು. "ಇಷ್ಟೊತ್ಗೆ ಉಯ್ದು ಒಳೀಕ್ಕೋಗಿರ್ತಿದ್ರಿ."

"ಬನ್ನಿನ ಗಾಡಿ ಇನ್ನೂ ಕೂಗ್ನಿಲ್ಲ ಕವ್ವ," ಎಂದಳು ಮುದುಕಿ, ತಿರುಗದೆ. "ತೂಬಿನ ತಾವ ಎರಡ್ ಕಿತ ಕೂಗ್ತಾನೆ. ಕೂಗಿದ್ ಮ್ಯಾಕೆ ಮಗಿಗೆ ಉಯ್ಯದು."

"ಯಾರಜ್ಜಿ ಅವ್ನು?"

"ಇವ್ನ ನೆನ್ಸ್ಕೊಂಡು ದಿನಾ ಸುತ್ತಿ ಓಗೋನು. ನಾನು ಬುಟ್ರೆ ಇನ್ನು ಅವ್ನೊಬ್ನೇ ಕವ್ವ ನನ್ನ ಅಪ್ಪೂನ ಮರೀದಿರೋನು."

ಇಂಜಿನು ನಿಂತಿದ್ದರಿಂದ ಒಂದೊಂದು ಮಾತೂ ಗಾಡಿಯೊಳಗೆ ಬಂದು ಬಿತ್ತು. ಮಂಚಯ್ಯನ ಕೈ ತಾನಾಗಿ ಹಾರನ್ನಿನ ಮೇಲೆ ಹೋಯಿತು. ಒತ್ತಲು ಆಗಲಿಲ್ಲ. ಇದು ಅವಳ ಬಾಗಿಲು. ಹುರುಳಿ ದಾಟಿದ ಗಾಡಿ ಇಳಿಜಾರಿನಲ್ಲಿ ಮತ್ತೆ ವೇಗ ಹಿಡಿಯಿತು. ಅವನು ಬ್ರೇಕಿನ ಮೇಲೆ ಕಾಲಿಟ್ಟ, ಒತ್ತಲಿಲ್ಲ.

"ಯಾವ್ದೋ ಅಜ್ಜಿ ಯಾರ್ನೋ ಕಾಯ್ತಾ ಅದೆ," ಎಂದ ಪುಟ್ಟಸ್ವಾಮಿ. ಮುಂದೆ ಬಾಗಿ ಡಬ್ಬಿಯ ಗಾಜನ್ನು ಒರೆಸಿ ನೋಡಿದ. "ನೋಡಣ್ಣ, ಎಷ್ಟು ಸುಲಭ. ಏಳು ಕಿಲೋಮೀಟ್ರು ಉಳೀತು. ನಾಳೆಯಿಂದ ಇಂಗೇ ಬಂದ್ಬುಡು, ತೆರಿಗೆಯೂ ಇಲ್ಲ, ಯಾರ ಮಾತೂ ಇಲ್ಲ."

ಊರಿನ ಕೊನೆಯ ಮನೆ ಹಿಂದಾಯಿತು. ಇಳಿಜಾರು ಮುಗಿಯುವ ಮುಂಚೆ ಮಂಚಯ್ಯ ಒಂದು ಸಲ ಪಕ್ಕದ ಕನ್ನಡಿಯನ್ನು ನೋಡಿದ. ಹುಡುಗಿ ಮತ್ತೆ ಹುರುಳಿ ತಿರುವುತ್ತಿದ್ದಳು. ಹೊಂಗೆ ಮರದ ಕೆಳಗೆ ಮುದುಕಿ ಕಿವಿಯನ್ನು ನಾಲೆಯ ಕಡೆಗೆ ಕೊಟ್ಟು ಹಾಗೆಯೇ ನಿಂತಿದ್ದಳು. ಬಿಸಿಲು ಏರಿತ್ತು. ತುಂಬಿದ ಚೊಂಬು ಅವಳ ಕೈಯಲ್ಲೇ ಇತ್ತು.